ಕೆಂಪು ಚಾಕ್‌ಪೀಸ್

"ರಾಜೇಶ್ವರಿನೇ ಅಜ್ಜಿ! ಕ್ಯೂ ಮಧ್ಯೆ ಬಿಂದಿಗೆ ತೂರಿಸಿದ್ದು ಅವಳೇ. ನಾನೇ ಕಣ್ಣಾರೆ ನೋಡಿದೀನಿ!"

ನಿಖಿತಾ ಮೇಡಂ ಹೇಳಿದ ಮೇಲೆ ಮುಗೀತು, ಅಪೀಲೇ ಇಲ್ಲ. ಬೆಂಗಳೂರಿನ ಕಗ್ಗದಾಸಪುರದ ಆ ಎಂಟು ಬಾಡಿಗೆ ರೂಮುಗಳ ಓನರ್ ಚಿಕ್ಕಮುನಿಯಮ್ಮನ ಮೊಮ್ಮಗಳಲ್ಲವಾ! ಟ್ಯಾಂಕರ್ ಬಂದಾಗ ರೂಮಿಗೆ ಮೂರು ಬಿಂದಿಗೆ ಅಂತ ಲೆಕ್ಕ ಇಡೋಳೂ ಅವಳೇ.

"ಮಧ್ಯೆ ನುಗ್ಗಿದೋರು ಲಾಸ್ಟು. ಹೋಗಮ್ಮ ಹಿಂದಕ್ಕೆ," ಅಂದರು ಅಜ್ಜಿ.

ಹಿಂದೆ ಹೋದರೆ ನೀರು ಸಿಗುವುದೇ ಅನುಮಾನ. ಮುಂದಿನ ಟ್ಯಾಂಕರ್ ಬರುವುದು ನಾಡಿದ್ದು. ರಾಜೇಶ್ವರಿಯ ಅಪ್ಪ, ಅಮ್ಮ ಇಬ್ಬರೂ ರಾಯಚೂರು ಕಡೆಯವರು, ಬೆಳಿಗ್ಗೆಯೇ ಗಾರೆ ಕೆಲಸಕ್ಕೆ ಹೋಗಿದ್ದರು. ಮನೆಗೆ ನೀರು ಹಿಡಿಯಬೇಕಾದವಳು ಅವಳೇ.

"ನಾ ಅಲ್ರೀ ಅಮ್ಮಾರ!" ಅಂದಳು ರಾಜೇಶ್ವರಿ. ಅಳು ಬಂದೇಬಿಟ್ಟಿತು.

"ನಂಗೆ ಎಲ್ಲಾ ನೆನಪಿದೆ," ಅಂದಳು ನಿಖಿತಾ. "ಚಿಕ್ಕಪ್ಪನ ಮಗ ಜಗನ್ ಎಡಗಾಲಲ್ಲಿ ಪೈಪ್ ಒದ್ದ. ಅವನ ತಂಗಿ ಯಮುನಾ ಬನ್ ತಿಂತಿದ್ಲು. ನಾನು ಲೆಕ್ಕ ಮರೆತಾಗ, ಎಂಟನೇ ರೂಮಿನ ಬಾಲಮ್ಮ ಪಕ್ಕದಲ್ಲೇ ನಿಂತು 'ಐದನೇ ರೂಮಿಂದು ಎರಡಾಗ್ಯಾವ' ಅಂತ ಹೇಳಿಕೊಟ್ಲು. ಅದೇ ಹೊತ್ತಿಗೆ ರಾಜೇಶ್ವರಿ ಬಿಂದಿಗೆ ತೂರಿಸಿದ್ಲು..."

"ಅದ ಹೇಳಿದ್ದು ನಾ!" ರಾಜೇಶ್ವರಿ ಕೈ ಚಾಚಿದಳು. "ನಿನ್ ಚಾಕ್‌ಪೀಸ್ ಬಿದ್ದಾಗ ಎತ್ತಿ ಕೊಟ್ಟಿದ್ದೂ ನಾ. ನೋಡಿಲ್ಲಿ!"

ಒದ್ದೆ ಅಂಗೈ ತುಂಬಾ ಕೆಂಪು ಬಣ್ಣ. ಪಕ್ಕದಲ್ಲಿದ್ದ ಬಾಲಮ್ಮನ ಕೈ ನೋಡಿದರೆ ಏನೂ ಇಲ್ಲ.

ಅಯ್ಯೋ! ಲೆಕ್ಕದ ಗೆರೆ ಹಾಕೋಕೆ ಹೋದರೆ ಒದ್ದೆ ಬಿಂದಿಗೆ ಮೇಲೆ ಚಾಕ್‌ಪೀಸ್ ಹತ್ತುತ್ತಿಲ್ಲ ಅಂತಲೇ ನಿಖಿತಾ "ಬಿಡಿ, ಲೆಕ್ಕ ತಲೇಲೇ ಇಟ್ಕೋತೀನಿ" ಅಂದಿದ್ದಳು.

ಅವಳು ಕಣ್ಣು ಮುಚ್ಚಿ ನೆನೆಸಿಕೊಂಡಳು. ಜಗನ್ ಬಂದ, ಚಪ್ಪಲಿ ಸಮೇತ. ಯಮುನಾ ಬಂದಳು, ಕೆನ್ನೆಗಂಟಿದ ಬನ್ನಿನ ಚೂರು ಸಮೇತ. ಬಿಂದಿಗೆ ತೂರಿಸಿದ ಹುಡುಗಿ? ಎರಡು ಜಡೆ. ಯಾವುದೋ ಒಂದು ರೂಮಿನ ಹುಡುಗಿ. ಅಷ್ಟೇ. ಆಗ ತಲೆ ತುಂಬಾ ಬರೀ ಬಿಂದಿಗೆಗಳೇ ಇದ್ದವು. ಮುಖವೇ ಇರಲಿಲ್ಲ.

ನಿಖಿತಾಗೆ ತುಂಬಾ ನಾಚಿಕೆಯಾಯಿತು.

"ಹಂಗಾದ್ರೆ ನುಗ್ಗಿದ್ದು ಬಾಲಮ್ಮನಾ?" ಅಜ್ಜಿ ಕೇಳಿದರು.

ಹೂಂ ಅಂದುಬಿಟ್ಟರೆ ಸುಲಭವಾಗಿತ್ತು.

"ಗೊತ್ತಿಲ್ಲ ಅಜ್ಜಿ. ನಾನು ಮುಖ ನೋಡ್ಲೇ ಇಲ್ಲ. ಸುಮ್ನೆ ಹೇಳ್ಬಿಟ್ಟೆ." ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಸಾರಿ, ರಾಜೇಶ್ವರಿ. ನೀನು ಮುಂದೆ ಬಾ."

ರಾಜೇಶ್ವರಿ ಕಣ್ಣೊರೆಸಿಕೊಂಡು ಬಂದಳು. ಅವಳ ಮೂರೂ ಬಿಂದಿಗೆ ತುಂಬಿದವು.

ಸ್ವಲ್ಪ ಹೊತ್ತಿಗೆ ಬಾಲಮ್ಮ ಒಂದು ಹಸಿರು ಬಿಂದಿಗೆ ಎಳೆದುಕೊಂಡು ತಾನಾಗೇ ಕ್ಯೂ ಹಿಂದಕ್ಕೆ ಹೊರಟಳು. "ತಪ್ಪಾತು," ಅಂದಳು, ಮೆಲ್ಲಗೆ. ಅಜ್ಜಿ ಬೈಯಲಿಲ್ಲ.

ಕೊನೆಗೆ ಅವಳಿಗೂ ಒಂದೂವರೆ ಬಿಂದಿಗೆ ನೀರು ಸಿಕ್ಕಿತು. ಬಾಲಮ್ಮ ನಕ್ಕಳು. ಅವಳ ಮುಂದಿನ ಹಲ್ಲು ಅರ್ಧ ಮುರಿದಿತ್ತು.

ಇಬ್ಬರೂ ಎರಡು ವರ್ಷದಿಂದ ಒಂದೇ ಕಾಂಪೌಂಡಿನಲ್ಲಿದ್ದಾರೆ. ನಿಖಿತಾ ಆ ಹಲ್ಲನ್ನು ನೋಡಿದ್ದು ಇವತ್ತೇ.