ವಾಪಸ್ ಬರುವ ಡೀಸೆಲ್

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಗುಡ್ಡವನ್ನೇ ಯಾರೋ ಹೊತ್ತುಕೊಂಡು ಹೋದಂತಿತ್ತು. ರಸ್ತೆ ಮಾತ್ರ ಉಳಿದಿತ್ತು, ಅದೂ ಹತ್ತು ಮಾರು ದೂರ. ಆ ಹತ್ತು ಮಾರಿನೊಳಗೆ, ಮೂರನೆಯ ತಿರುವಿನಲ್ಲಿ, ಹದಿನಾರು ವರ್ಷದ ಒಂದು ಡೀಸೆಲ್ ಪಿಕಪ್ ಗಾಡಿ ಕೆಮ್ಮಿತು, ನಡುಗಿತು, ನಿಂತುಬಿಟ್ಟಿತು. ಹಿಂದೆ ನಲವತ್ತು ಪೆಟ್ಟಿಗೆ ಮೇಣದಬತ್ತಿ. ಮುಂದೆ, ಸ್ಟಿಯರಿಂಗಿಗೆ ಹಣೆ ಒರಗಿಸಿಕೊಂಡು, ಮೈದುನ.

ಮೈದುನ ಎಂದರೆ ಮೇಣದಬತ್ತಿ ಕಾರ್ಖಾನೆಯ ಯಜಮಾನಿಗೆ ಮೈದುನ. ಕಾರ್ಖಾನೆ ಎನ್ನುವುದೂ ಸ್ವಲ್ಪ ದೊಡ್ಡ ಮಾತೇ. ಮನೆಯ ಹಿಂದೆ ಉದ್ದನೆಯದೊಂದು ಶೆಡ್ಡು, ಮೇಣ ಕರಗಿಸುವ ಮೂರು ಕಡಾಯಿ, ಗೋಡೆಗೆ ಒರಗಿದ ಅಚ್ಚುಗಳು, ಬತ್ತಿ ನೇಯುವ ಐದು ಜನ ಹೆಂಗಸರು. ಅಣ್ಣ ಕಟ್ಟಿದ್ದು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ನಡೆಸುತ್ತಿದ್ದಳು. ಶೆಡ್ಡು ಅವಳಿಗೇ ಇರಲಿ, ಗಾಡಿಯಾದರೂ ತನ್ನ ಹೆಸರಿಗೆ ಆಗುತ್ತದೆ ಎಂದು ಮೈದುನ ನಾಲ್ಕು ವರ್ಷದಿಂದ ಕಾದಿದ್ದ. ಹನ್ನೊಂದು ವರ್ಷ ಓಡಿಸಿದವನು ಅವನಲ್ಲವೇ? ಆದರೆ ಈ ಮಾತನ್ನು ಅವನು ಯಾರ ಬಳಿಯೂ ಬಾಯಿಬಿಟ್ಟು ಆಡಿರಲಿಲ್ಲ. ತಾನು ಹೇಳದೆಯೇ ಎಲ್ಲರಿಗೂ ಹೊಳೆಯಬೇಕು ಎಂಬುದು ಅವನ ನಿರೀಕ್ಷೆ. ಯಾರಿಗೂ ಹೊಳೆಯಲಿಲ್ಲ. ಅದೇ ಅವನ ದೊಡ್ಡ ದುಃಖ.

ಗಾಡಿಯನ್ನು ಇಳಿಜಾರಿನಲ್ಲಿ ಹಿಂದಹಿಂದಕ್ಕೆ ಬಿಟ್ಟುಕೊಂಡು, ಹೇಗೋ ತಿರುಗಿಸಿ ಮನೆಗೆ ತಂದಾಗ ಅತ್ತಿಗೆ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದಳು.

"ಮೇಲೆ ಪ್ರಾರ್ಥನಾ ಮಂದಿರದವರು ಕಾಯ್ತಾ ಇರ್ತಾರೆ. ಏನಾಯ್ತಪ್ಪಾ?"

"ಗಾಡಿಗೆ ವಯಸ್ಸಾಯ್ತು ಅತ್ತಿಗೆ."

"ಗಾಡಿಗೆ ವಯಸ್ಸಾದ್ರೆ ರಿಪೇರಿ ಮಾಡಿಸ್ಬೋದು. ಓಡಿಸೋರಿಗೆ ವಯಸ್ಸಾದ್ರೆ ಎಲ್ಲಿಗೆ ಒಯ್ಯೋದು?"

ಐದು ಜನ ಹೆಂಗಸರೂ ಒಟ್ಟಿಗೆ ನಕ್ಕರು. ಅತ್ತಿಗೆ ತಮಾಷೆಗೆ ಆಡಿದ್ದಳು, ಆಡಿ ಮರೆತಳು. ಮೈದುನ ಮಾತ್ರ ಆ ನಗುವನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ.

ಮರುದಿನ ಗಾಡಿ ಗ್ಯಾರೇಜಿಗೆ ಹೋಯಿತು. ಅಲ್ಲಿನ ಮುದುಕ ಮೆಕ್ಯಾನಿಕ್‌ಗೆ ಎಲ್ಲರೂ ಸ್ಪಾನರ್ ಮಾಮ ಎನ್ನುತ್ತಿದ್ದರು. ಮಾಮ ಗಾಡಿಗೆ ಜ್ಯಾಕ್ ಕೊಟ್ಟು, ಅಂಗಾತ ಮಲಗಿ ಒಳಗೆ ನುಗ್ಗಿ, ಮೈದುನನನ್ನೂ ಪಕ್ಕಕ್ಕೆ ಕರೆದುಕೊಂಡ.

"ಪಂಪ್ ಸೋತುಹೋಗಿದೆ. ಟ್ಯಾಂಕಿಂದ ಡೀಸೆಲ್ ಎಳೆಯೋಕೆ ಉಸಿರೇ ಇಲ್ಲ ಇದಕ್ಕೆ. ಇದೇ ಸೈಜು ಹಾಕ್ಬೇಡ, ಒಂದು ಸೈಜು ದೊಡ್ಡದು ಹಾಕ್ಸು. ಗುಡ್ಡ ಹೆಂಗೆ ಹತ್ತುತ್ತೆ ನೋಡು."

"ದೊಡ್ಡ ಪಂಪ್ ಹಾಕಿದ್ರೆ ಡೀಸೆಲ್ ಜಾಸ್ತಿ ಕುಡಿಯಲ್ವಾ ಮಾಮ?"

"ಅಯ್ಯೋ ಪೆದ್ದೇ! ಪಂಪ್ ಎಷ್ಟಾದ್ರೂ ಕಳಿಸ್ಲಿ, ಎಂಜಿನ್ನು ತನಗೆ ಬೇಕಾದಷ್ಟೇ ತಗೊಳ್ಳೋದು. ಮಿಕ್ಕಿದ್ದು ಇಗೋ, ಈ ಸಣ್ಣ ಪೈಪಲ್ಲಿ ತಿರುಗಿ ಟ್ಯಾಂಕಿಗೇ ಬರುತ್ತೆ. ದೊಡ್ಡ ಪಂಪ್ ಆದ್ರೆ ವಾಪಸ್ ಬರೋದೂ ಜಾಸ್ತಿ. ಮೈಲೇಜು ಒಂದು ಚೂರೂ ಬೀಳಲ್ಲ. ಬಿದ್ರೆ ನಾನು ಮೀಸೆ ಬೋಳಿಸ್ತೀನಿ."

ಕೆಲವರಿಗೆ ಜ್ಞಾನೋದಯ ಮರದ ಕೆಳಗೆ ಆಗುತ್ತದೆ. ಮೈದುನನಿಗೆ ಜ್ಯಾಕ್ ಕೊಟ್ಟ ಗಾಡಿಯ ಕೆಳಗೆ ಆಯಿತು. ಮಾಮನ ಎಣ್ಣೆಗೈ ತೋರಿಸಿದ ಆ ಬೆರಳು ಗಾತ್ರದ ಪೈಪನ್ನು ಅವನು ಬಹಳ ಹೊತ್ತು ನೋಡಿದ. ಎಂಜಿನ್ನು ಬೇಡವೆಂದು ಬಿಟ್ಟ ಡೀಸೆಲ್ ದಿನವೂ ಅವನ ಬೆನ್ನ ಹಿಂದೆಯೇ ಹರಿಯುತ್ತಿತ್ತು. ಬೇಡವೆಂದದ್ದನ್ನು ತೆಗೆದುಕೊಂಡರೆ ಅದು ಕಳ್ಳತನ ಹೇಗಾಗುತ್ತದೆ? ಈ ಪ್ರಶ್ನೆಯನ್ನು ಅವನು ತನಗೆ ತಾನೇ ಕೇಳಿಕೊಂಡ, ತಾನೇ ತೀರ್ಪು ಕೊಟ್ಟುಕೊಂಡ. ತೀರ್ಪು ಅವನ ಪರವಾಗಿಯೇ ಬಂತು.

ಅತ್ತಿಗೆ ಒಂದೇ ಮಾತಿಗೆ ದೊಡ್ಡ ಪಂಪಿಗೆ ಒಪ್ಪಿದಳು. ಮಾಮ ಎರಡು ದಿನ ಕೂತು ಹಾಕಿಕೊಟ್ಟ. ಅವನ ಕೆಲಸ ಮುಗಿದ ಮೇಲೆ ಮೈದುನನ ಕೆಲಸ ಶುರುವಾಯಿತು. ಗುಜರಿಯಲ್ಲಿ ಒಂದು ಚಪ್ಪಟೆ ತಗಡಿನ ಟ್ಯಾಂಕು ಹುಡುಕಿದ. ಮಡಚಿಟ್ಟ ಕಂಬಳಿಯಷ್ಟು ಅಗಲ, ಒಂದು ಗೇಣು ಎತ್ತರ. ರಜೆಯ ದಿನ ಮಧ್ಯಾಹ್ನ, ಹೆಂಡತಿಯ ತಮ್ಮನ ಹಿತ್ತಲಲ್ಲಿ ಗಾಡಿ ನಿಲ್ಲಿಸಿ, ಅದನ್ನು ಸರಕು ಹೇರುವ ತಳದ ತಗಡಿಗೆ ಕೆಳಗಿನಿಂದ ಅಂಟಿಸಿದಂತೆ ಬಿಗಿದ. ಕ್ಯಾಬಿನ್ನಿನ ಹಿಂದೆ, ಎರಡು ಕಬ್ಬಿಣದ ದೂಲಗಳ ನಡುವೆ. ವಾಪಸ್ ಬರುವ ಪೈಪನ್ನು ಕತ್ತರಿಸಿ ಅದರ ಬಾಯನ್ನು ಈ ಟ್ಯಾಂಕಿನೊಳಗೆ ಬಿಟ್ಟ. ಟ್ಯಾಂಕು ತುಂಬಿದ ಮೇಲೆ ಡೀಸೆಲ್ ಚೆಲ್ಲದೆ ಮುಂದಕ್ಕೆ ದೊಡ್ಡ ಟ್ಯಾಂಕಿನ ದಾರಿ ಹಿಡಿಯಲು ಇನ್ನೊಂದು ಪೈಪು ಕೊಟ್ಟ. ಕೆಳಗೊಂದು ಪುಟ್ಟ ನಲ್ಲಿ. ಎಲ್ಲದಕ್ಕೂ ಕಪ್ಪು ಬಣ್ಣ ಬಳಿದು, ಬಣ್ಣದ ಮೇಲೆ ಒಂದಿಷ್ಟು ಕೆಸರು ಮೆತ್ತಿದ. ಗಾಡಿ ಹುಟ್ಟಿದಾಗಲೇ ಅದೂ ಹುಟ್ಟಿತ್ತು ಎನ್ನಬೇಕು ನೋಡಿದವರು.

ಹೆಂಡತಿಯ ತಮ್ಮ ಜನರೇಟರ್ ಬಾಡಿಗೆಗೆ ಕೊಡುವವನು. ಕೆಲಸವನ್ನೆಲ್ಲ ಕುಕ್ಕರುಗಾಲಲ್ಲಿ ಕೂತು ನೋಡಿ, ಮೂಗಿನ ಮೇಲೆ ಬೆರಳಿಟ್ಟುಕೊಂಡ.

"ಭಾವ, ನೀನು ಓದಿದ್ದಿದ್ರೆ ದೇಶ ಉಳೀತಿರ್ಲಿಲ್ಲ ಬಿಡು."

"ಬಾಯಿ ಮುಚ್ಕೊಂಡು ಕ್ಯಾನ್ ತೊಳೆದಿಡೋ."

"ಒಂದು ವರ್ಷ ನನ್ನ ಜನರೇಟರಿಗೆ ಡೀಸೆಲ್ ತುಂಬಿಸ್ತಾ ಇರು. ಎರಡನೇ ಜನರೇಟರ್ ತಗೊಳ್ಳೋಣ, ಅದರಲ್ಲಿ ಅರ್ಧ ನಿಂದು. ಆಮೇಲೆ ಯಾರ ಗಾಡೀನೂ ನೀನು ಓಡಿಸ್ಬೇಕಾಗಿಲ್ಲ."

ಯಾರ ಗಾಡಿಯನ್ನೂ ಓಡಿಸಬೇಕಾಗಿಲ್ಲ! ಮೈದುನನಿಗೆ ಆ ಮಾತು ಮೈಮೇಲೆ ಶಾಲು ಹೊದಿಸಿದಂತಾಯಿತು.

ಅವನು ದಡ್ಡನಲ್ಲ. ಸಿಕ್ಕಿಬೀಳುವ ಕಳ್ಳರು ಮಾಡುವ ತಪ್ಪುಗಳನ್ನೆಲ್ಲ ಒಂದೊಂದಾಗಿ ನೆನೆದು, ಒಂದೊಂದನ್ನೂ ಮುಚ್ಚಿದ್ದ. ಪಂಪ್ ಹಾಕಿ ತಿಂಗಳಾದ ಮೇಲೆ ಮೈಲೇಜು ಬಿದ್ದರೆ ಅತ್ತಿಗೆಗೆ ಅನುಮಾನ ಬರುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಕದಿಯಲು ಶುರುಮಾಡಿದ. ಹೊಸ ಪಂಪಿನ ಗುಣವೇ ಹೀಗೆ ಎಂದು ಅವಳು ತಿಳಿಯಲಿ. ಡೀಸೆಲ್ ತುಂಬಿಸಿದ ಬಿಲ್ಲಿನಲ್ಲಿ ಒಂದು ಹನಿಯ ಸುಳ್ಳೂ ಇರಬಾರದು. ಇರಲಿಲ್ಲ. ಗುಡ್ಡದಿಂದ ಬಂದ ದಿನವೇ ನಲ್ಲಿ ಬಿಟ್ಟರೆ ತಡವಾಯಿತೇಕೆಂಬ ಪ್ರಶ್ನೆ ಏಳುತ್ತದೆ. ಹಾಗಾಗಿ ಮರುದಿನ ಬೆಳಿಗ್ಗೆ, ಪಟ್ಟಣದ ಅಂಗಡಿಗಳಿಗೆ ಸಣ್ಣ ಮೇಣದಬತ್ತಿ ಹಾಕಲು ಹೊರಟಾಗ, ಭಾಮೈದನ ಹಿತ್ತಲಲ್ಲಿ ಐದು ನಿಮಿಷ ನಿಂತು ಕ್ಯಾನ್ ತುಂಬಿಸಿಬಿಡುತ್ತಿದ್ದ. ಇನ್ನು ಟ್ಯಾಂಕು ಇಟ್ಟ ಜಾಗ. ಗುಡ್ಡದ ಮಂದಿರಕ್ಕೆ ಹೋಗುವ ಮೊಳದುದ್ದದ ಮೇಣದಬತ್ತಿಗಳು ಅಲುಗಾಡಿದರೆ ಮುರಿಯುತ್ತವೆ. ಅವನ್ನು ಪೆಟ್ಟಿಗೆಯಲ್ಲಿ ನಿಲ್ಲಿಸಿ, ಕುಲುಕಾಟ ಕಡಿಮೆ ಇರುವ ಕ್ಯಾಬಿನ್ನಿನ ಹಿಂಬದಿಗೇ ಇಡುವುದು ಅಣ್ಣನ ಕಾಲದ ಪದ್ಧತಿ. ಮೊದಲು ಏರಿ ಕೊನೆಗೆ ಇಳಿಯುವ ಪೆಟ್ಟಿಗೆಗಳು. ಅವುಗಳ ಅಡಿಯಲ್ಲಿ ಏನಿದೆ ಎಂದು ಬಗ್ಗಿ ನೋಡುವವರು ಯಾರು?

ಎಲ್ಲಕ್ಕಿಂತ ಮಿಗಿಲಾದ ಮುಚ್ಚಳ ಸ್ಪಾನರ್ ಮಾಮನೇ ಆದ. ಮೂರನೆಯ ವಾರ ಅತ್ತಿಗೆ ಅವನನ್ನು ಶೆಡ್ಡಿಗೆ ಕರೆಸಿ, ಮೈದುನನ ಎದುರೇ ಕೇಳಿದಳು.

"ಮಾಮ, ಗಾಡಿ ಡೀಸೆಲ್ ಬಹಳ ಕುಡೀತಿದೆಯಲ್ಲ?"

ಮಾಮನ ಕೈ ತಾನಾಗಿ ಮೀಸೆಯ ಮೇಲೆ ಹೋಯಿತು. ಗಾಡಿಯ ಕೆಳಗೆ ಆಡಿದ ಮಾತನ್ನು ಆಮೇಲೆ ಅರ್ಧ ಪೇಟೆಯ ಮುಂದೆಯೂ ಆಡಿ ಆ ಮೀಸೆಯನ್ನು ಒತ್ತೆ ಇಟ್ಟಿದ್ದ.

"ಗುಡ್ಡ ಅಲ್ವಾ ತಾಯಿ... ಲೋಡು ಬೇರೆ. ದುಡಿಯೋನಿಗೆ ಒಂದು ತುತ್ತು ಜಾಸ್ತಿ ಹಾಕ್ಬೇಕಾಗುತ್ತೆ."

"ಹೌದಾ," ಎಂದಳು ಅತ್ತಿಗೆ.

ಮೈದುನ ಪಕ್ಕದಲ್ಲಿದ್ದ ಪೆಟ್ಟಿಗೆ ಎತ್ತಿಕೊಂಡು ಗಾಡಿಯತ್ತ ನಡೆದ. ಮಾತಾಡಬೇಕಾದದ್ದನ್ನೆಲ್ಲ ಮಾಮನ ಮೀಸೆ ಮಾತಾಡಿ ಮುಗಿಸಿತ್ತು.

ಗಾಡಿಯೇನೋ ಗುಡ್ಡವನ್ನು ಮೇಕೆಯಂತೆ ಹತ್ತುತ್ತಿತ್ತು. ಎರಡೂವರೆ ಗಂಟೆಯ ಏರು, ಎಲ್ಲಿಯೂ ಒಂದು ಕೆಮ್ಮಿಲ್ಲ. "ಮೈದುನಪ್ಪ ಗಾಡಿಗೆ ಜೀವ ತುಂಬಿದ್ರು ಅಕ್ಕಾ," ಎಂದು ಬತ್ತಿ ನೇಯುವ ಹೆಂಗಸರು ಹೊಗಳಿದರು. ಅವನು ನಾಚಿದ. ಆ ನಾಚಿಕೆ ನಿಜವಾದದ್ದೇ ಆಗಿತ್ತು. ಕದಿಯುವುದೊಂದನ್ನು ಬಿಟ್ಟರೆ ಅವನು ಬಹಳ ಪ್ರಾಮಾಣಿಕ ಮನುಷ್ಯ. ಹನ್ನೊಂದು ವರ್ಷದಲ್ಲಿ ಒಂದು ಬತ್ತಿಯನ್ನೂ ಮುರಿದವನಲ್ಲ.

ಮಂದಿರದಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ಒಂದು ನಿಮಿಷ ಕಣ್ಣು ಮುಚ್ಚಿ ನಿಲ್ಲುವುದನ್ನೂ ರೂಢಿ ಮಾಡಿಕೊಂಡ. ಮೊದಲು ಈ ಅಭ್ಯಾಸ ಇರಲಿಲ್ಲ. ದೇವರೇ, ಎಲ್ಲ ಹೀಗೇ ಸುಸೂತ್ರವಾಗಿ ಸಾಗಲಿ ಎಂದು ಕೇಳುತ್ತಿದ್ದ. ದೇವರು ಕೇಳಿಸಿಕೊಂಡಿರಬೇಕು. ಉತ್ತರ ಕೊಡಲು ಅವನು ಎಂದೂ ಅವಸರ ಮಾಡುವವನಲ್ಲ.

ಆರನೆಯ ವಾರ ಹೊರಡುವಾಗ ಮಂದಿರ ನೋಡಿಕೊಳ್ಳುವ ತಾತ ಗಾಡಿಯ ಬಳಿಗೆ ನಡೆದು ಬಂದ. ಕೈಯಲ್ಲಿ ಹುರಿಯಿಂದ ಕಟ್ಟಿದ ಒಂದು ಉದ್ದನೆಯ ಪೆಟ್ಟಿಗೆ.

"ಇದನ್ನ ಅಮ್ಮನ ಕೈಗೇ ಕೊಡಪ್ಪಾ. ಬೇಜಾರು ಮಾಡ್ಕೋಬೇಡಿ ಅಂತ ನಾನು ಹೇಳ್ದೆ ಅನ್ನು."

"ಏನ್ ತಾತ, ಈ ಸಲ ಬತ್ತಿ ಹೆಚ್ಚಾಯ್ತಾ?"

"ಹೆಚ್ಚಲ್ಲ ಕಡಿಮೆಯಲ್ಲ. ನೋಡಿದ್ರೆ ಅವರಿಗೇ ಗೊತ್ತಾಗುತ್ತೆ."

ಪಾಪ, ಮುದುಕ ಬತ್ತಿ ಕೊಳ್ಳುವುದನ್ನು ಕಡಿಮೆ ಮಾಡುತ್ತಿದ್ದಾನೆ ಎಂದುಕೊಂಡ ಮೈದುನ. ಪೆಟ್ಟಿಗೆಯನ್ನು ಹಿಂದೆ ಹಾಕಲು ಮನಸ್ಸಾಗಲಿಲ್ಲ. ಪಕ್ಕದ ಸೀಟಿನ ಮೇಲೆ ಮಲಗಿಸಿ, ತಿರುವುಗಳಲ್ಲಿ ಜಾರದಂತೆ ಎಡಗೈಯಿಂದ ಹಿಡಿದುಕೊಂಡೇ ಗುಡ್ಡ ಇಳಿಸಿದ. ಮಧ್ಯಾಹ್ನ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿ, ಎರಡೂ ಕೈಯಲ್ಲಿ ಹಿಡಿದು ಅತ್ತಿಗೆಯ ಮುಂದಿಟ್ಟ.

ಅತ್ತಿಗೆ ಹುರಿ ಬಿಚ್ಚಿದಳು. ಒಳಗೆ ಮೊಳದುದ್ದದ ಹನ್ನೆರಡು ಬತ್ತಿ. ಹನ್ನೆರಡೂ ಬುಡದಲ್ಲಿ ಮೆತ್ತಗಾಗಿ, ಒಂದೇ ದಿಕ್ಕಿಗೆ ಬಾಗಿ, ಹಾಗೇ ಗಟ್ಟಿಯಾಗಿದ್ದವು.

"ಅಯ್ಯೋ ಅಕ್ಕಾ, ಎಲ್ಲಾ ಸೇರಿ ನಮಸ್ಕಾರ ಹಾಕ್ತಾ ಇದಾವಲ್ಲ!" ಎಂದಳು ಹೆಂಗಸರಲ್ಲಿ ಒಬ್ಬಳು. ಉಳಿದವರು ಸೆರಗು ಬಾಯಿಗೆ ಹಿಡಿದರು.

"ಮೇಣ ಮಾರಿದವನು ಮೋಸ ಮಾಡಿದಾನೆ ಅತ್ತಿಗೆ," ಎಂದ ಮೈದುನ. ಅವನ ಬಾಯಿಗೆ ಅದು ತಡವರಿಸದೆ ಬಂತು, ಏಕೆಂದರೆ ಅವನು ಹಾಗೆಯೇ ನಂಬಿದ್ದ.

ಅತ್ತಿಗೆ ಪೆಟ್ಟಿಗೆಯೊಳಗಿದ್ದ ಚೀಟಿ ಓದಿದಳು. "ಅದೇ ಕಡಾಯಿಯ ಮೇಣ ಬೇರೆ ಪೆಟ್ಟಿಗೆಗಳಲ್ಲಿ ನೆಟ್ಟಗೆ ನಿಂತಿದೆಯಂತೆ. ತಾತ ಚೀಟಿ ಬರೆದಿಟ್ಟಿದಾರೆ. ಐದು ವಾರದಿಂದ ಹೀಗೇ ಅಂತೆ, ಕೈಯಲ್ಲಿ ತಿದ್ದಿ ತಿದ್ದಿ ಹಚ್ಚಿದಾರೆ ಪಾಪ."

"ಹಾಗಾದ್ರೆ ತಾತಾನೇ ಎಲ್ಲೋ ಬಿಸಿಲಲ್ಲಿ ಇಟ್ಟಿರ್ಬೇಕು."

"ನೀನು ಇಳಿಸುವಾಗ್ಲೇ ಬಾಗಿದ್ದವಂತೆ. ನೀನು ಕಣ್ಣು ಮುಚ್ಕೊಂಡು ನಿಂತಿದ್ದಾಗ ಅವರು ಪೆಟ್ಟಿಗೆ ಬಿಚ್ಚಿದಾರೆ. ನಡಿ, ಗಾಡಿ ನೋಡೋಣ."

"ಗಾಡೀಲಿ ನೋಡೋಕೆ ಏನಿದೆ ಅತ್ತಿಗೆ?"

"ಏನೂ ಇಲ್ಲದಿದ್ರೆ ನೋಡೋಕೆ ಹೊತ್ತೇನೂ ಆಗಲ್ಲ."

ಅವಳು ಗಾಡಿಯ ಪಕ್ಕಕ್ಕೆ ಹೋಗಿ, ಕ್ಯಾಬಿನ್ನಿನ ಹಿಂದೆ ಸರಕು ಹೇರುವ ತಳದ ತಗಡಿನ ಮೇಲೆ ಅಂಗೈ ಊರಿದಳು. ಮೂವತ್ತು ವರ್ಷ ಕಡಾಯಿಯ ಮುಂದೆ ನಿಂತು, ಮೇಣ ಯಾವ ಬಿಸಿಗೆ ಮೆತ್ತಗಾಗುತ್ತದೆ, ಯಾವ ಬಿಸಿಗೆ ಕರಗುತ್ತದೆ ಎಂದು ಕಲಿತ ಅಂಗೈ ಅದು. ಒಂದು ಕಡೆ ಊರಿದಳು, ಒಂದು ಗೇಣು ಆಚೆಗೆ ಊರಿದಳು, ಮತ್ತೆ ಮೊದಲಿನ ಜಾಗಕ್ಕೆ ಬಂದಳು. ಬಿಲ್ಲನ್ನು ಯೋಚಿಸಿದ್ದ, ಮೈಲೇಜನ್ನು ಯೋಚಿಸಿದ್ದ, ಮುದುಕನೊಬ್ಬನ ಮೀಸೆಯನ್ನೂ ಯೋಚಿಸಿದ್ದ ಮೈದುನ ಒಂದೇ ಒಂದನ್ನು ಯೋಚಿಸಿರಲಿಲ್ಲ: ಎಂಜಿನ್ನಿನೊಳಗೆ ಹೊಕ್ಕು ಬಂದ ಡೀಸೆಲ್, ಹೋದಾಗ ಇದ್ದಷ್ಟು ತಣ್ಣಗೆ ವಾಪಸ್ ಬರುವುದಿಲ್ಲ. ದೊಡ್ಡ ಟ್ಯಾಂಕಿನಲ್ಲಿ ಆ ಬಿಸಿ ಯಾರಿಗೂ ತಿಳಿಯದೆ ಕರಗಿಹೋಗುತ್ತಿತ್ತು. ಅವನ ಚಪ್ಪಟೆ ಟ್ಯಾಂಕಿನಲ್ಲಿ, ಎರಡೂವರೆ ಗಂಟೆ ಏರಿನ ಉದ್ದಕ್ಕೂ, ಅದು ಬತ್ತಿಗಳ ಬುಡಕ್ಕೆ ಸಣ್ಣ ಉರಿಯ ಒಲೆಯಾಗಿತ್ತು. ಅವನು ಅದನ್ನು ಮುಟ್ಟುತ್ತಿದ್ದದ್ದು ಮಾರನೆಯ ಬೆಳಿಗ್ಗೆ, ಪೂರ್ತಿ ತಣಿದ ಮೇಲೆ. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು, ಮಂಡಿಯೂರಿ, ಗಾಡಿಯ ಅಡಿಗೆ ಬಗ್ಗಿ ನೋಡಿದಳು. ಎದ್ದಾಗ ಬಯ್ಯಲಿಲ್ಲ, ಹೆಂಗಸರನ್ನೂ ಕರೆಯಲಿಲ್ಲ. ಒಳಗೆ ಹೋಗಿ ಒಂದು ಖಾಲಿ ಕ್ಯಾನು, ಒಂದು ಆಲಿಕೆ ತಂದಳು. ಕ್ಯಾನನ್ನು ಅವನ ಕಾಲ ಬಳಿ ಇಟ್ಟು, ದೊಡ್ಡ ಟ್ಯಾಂಕಿನ ಮುಚ್ಚಳ ತೆಗೆದು, ಆಲಿಕೆ ಹಿಡಿದು ನಿಂತಳು. ಮೈದುನ ಅಂಗಾತ ಮಲಗಿ ಗಾಡಿಯ ಕೆಳಗೆ ನುಗ್ಗಿದ. ನಲ್ಲಿ ತಿರುಗಿಸಿದಾಗ ಬೆರಳಿಗೆ ಸುರುಕ್ಕೆಂದಿತು. ಕ್ಯಾನು ತುಂಬಿಸಿ ಹೊರಗೆ ಬಂದು, ಒಂದು ಹನಿಯೂ ಚೆಲ್ಲದಂತೆ, ಅವಳು ಹಿಡಿದ ಆಲಿಕೆಯೊಳಗೆ ಬಿಸಿಬಿಸಿ ಡೀಸೆಲ್ ಸುರಿದ. ಸುರಿದು ಮುಗಿದ ಮೇಲೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಅವಳು ಕೇಳದಿದ್ದರೂ, ಗಾಡಿಯ ಕೀ ತೆಗೆದು ಅವಳ ಅಂಗೈಯಲ್ಲಿಟ್ಟ.