ಋತುಬಂಧದ ಸಾಲಿನಲ್ಲಿ ಒಬ್ಬ ರೈಟರ್

ಕೊಡ್ಲಿಪೇಟೆ ಬಸ್‌ಸ್ಟ್ಯಾಂಡ್ ಎದುರಿನ ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ, ಋತುಬಂಧ ದಾಟಿದ ಹೆಂಗಸರ ಸಾಲಿನಲ್ಲಿ ನಾನು ಮೂರನೆಯವನಾಗಿ ಕುಳಿತಿದ್ದೆ.

"ಅಂಕಲ್, ಈ ಯುವಿ ಲೈಟು ಮುಟ್ಟು ನಿಂತೋರ ಮೂಳೆಗೆ, ಮಾಂಸಖಂಡಕ್ಕೆ," ಎಂದಳು ಫಿಸಿಯೋ ಸ್ಪಂದನಾ.

"ನಂಗೂ ಮುಟ್ಟು ಬರ್ತಾ ಇಲ್ವಲ್ಲಮ್ಮ," ಎಂದೆ.

ಎರಡನೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರೇ ಗುರುಸಿದ್ದಮ್ಮ. ವಯಸ್ಸು ಐವತ್ತಾರು, ಗಂಡ ತೀರಿ ಒಂಬತ್ತು ವರ್ಷ. ಚಿದಾನಂದನೆಂಬ ನಾನು, ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುತ್ತಿದ್ದ ನಿವೃತ್ತ ರೈಟರ್, ವಿಧುರ, ಆ ನಗುವಿಗಾಗಿಯೇ ಅಲ್ಲಿಗೆ ಹೋದದ್ದು. ನೇರ ಅವರ ಮನೆಗೆ ಹೋದರೆ, ಕೊಟ್ಟ ಕಾಫಿ ಆರುವ ಮೊದಲೇ ಸುದ್ದಿ ಪಕ್ಕದೂರು ಶನಿವಾರಸಂತೆ ತಲುಪಿರುತ್ತದೆ.

"ನಿಮ್ಗೇನಾಗಿದೆ ರೈಟ್ರೆ?"

"ಮೂಳೆ ಟೊಳ್ಳು. ಗಾಳಿಗೆ ನಿಂತ್ರೆ ಮೊಣಕಾಲಿಂದ ಕೊಳಲು ಊದ್ದಂಗೆ ಸದ್ದು ಬರುತ್ತೆ."

"ಅಯ್ಯೋ! ಯಾವ ರಾಗ?"

"ಎಡಗಾಲು ಮೋಹನ. ಬಲಗಾಲಿಗಿನ್ನೂ ಪಾಠ ಆಗ್ತಿದೆ."

ವಿಟಮಿನ್ ಡಿ ಎಷ್ಟಿದೆ ನೋಡಲು ಸ್ಪಂದನಾ ರಕ್ತ ತೆಗೆದು ಮೈಸೂರಿಗೆ ಕಳಿಸಿದಳು. ರಿಪೋರ್ಟ್ ಬರುವವರೆಗೆ ನನಗೆ ಲೈಟಿಲ್ಲ, ಬರೀ ವ್ಯಾಯಾಮ. ಆ ರಿಪೋರ್ಟ್ ಆರು ವಾರ ದಾರಿ ತಪ್ಪಿಸಿಕೊಂಡು ನನಗೆ ಮಹದುಪಕಾರ ಮಾಡಿತು.

ಗುರುಸಿದ್ದಮ್ಮ ಪರದೆಯ ಆಚೆ ಲೈಟಿನಡಿ, ನಾನು ಈಚೆ. ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಸಮಯದಲ್ಲಿ ಅವರಿಗೆ ಸೀರೆಯ ಮೇಲೆ ತುಂಬುತೋಳಿನ ಶರ್ಟು, ತಲೆಗೆ ಬಟ್ಟೆ. ಉಳಿದ ತಿಂಗಳು ಮಳೆ. ಸೂರ್ಯನಿಗೆ ಅವರ ಮೂಗಿನ ಪರಿಚಯ ಮಾತ್ರ ಇತ್ತು.

"ಈ ಮಗ್ಗುಲು ಆಯ್ತು, ಇನ್ನು ಹೊರಳಿ," ಎಂದೆ. ಮೂವತ್ತು ವರ್ಷ ಕಣದಲ್ಲಿ ಕಾಫಿ ಒಣಗಿಸಿದ ಬಾಯಿ.

"ನಾನೇನು ಕಣದಲ್ಲಿ ಹರವಿದ ಕಾಫೀನಾ?"

"ಕಾಫಿಗೆ ಇಷ್ಟು ಬಾಯಿರಲ್ಲ."

ಪರದೆ ಅಲುಗಿ ನಕ್ಕಿತು. ಲೈಟಿಗೆಂದು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡೇ ಇಣುಕಿದರು. ಅಷ್ಟು ಚೆಂದದ ವೆಲ್ಡರ್ ಅನ್ನು ನಾನು ಎಲ್ಲೂ ಕಂಡಿರಲಿಲ್ಲ.

ವಾರಕ್ಕೆರಡರಂತೆ ಹನ್ನೆರಡನೆಯ ಸಲ ಹೋದಾಗ ಪರೀಕ್ಷೆ. "ಆಂಟಿ, ಕೈ ಕಟ್ಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂತ್ಕೊಳ್ಳಿ. ಆಗಿಬಿಟ್ರೆ ಇನ್ನು ಬರೋದೇ ಬೇಡ."

ಅವರು ಏಳದಿರಲಿ ಎಂದು ಮನೆದೇವರನ್ನು ಬೇಡಿಕೊಂಡೆ. ಇದಕ್ಕಿಂತ ನಾಚಿಕೆಗೇಡಿನ ಪ್ರಾರ್ಥನೆ ಆ ದೇವರಿಗೆ ಹೋಗಿರಲಾರದು.

ಒಂದು. ಎರಡು. ಮೂರು. ನಾಲ್ಕಕ್ಕೆ "ಅಮ್ಮಾ" ಎಂದು ಕುಸಿದು ಕೂತರು.

"ಇನ್ನೂ ಹನ್ನೆರಡು ಸಲ ಬರ್ಬೇಕು," ಎಂದ ಸ್ಪಂದನಾ ನನ್ನ ಕಡೆ ತಿರುಗಿದಳು. "ಅಂಕಲ್, ರಿಪೋರ್ಟ್ ಬಂತು. ವಿಟಮಿನ್ ಡಿ ಊರಿಗೆ ಹಂಚೋವಷ್ಟಿದೆ. ಇನ್ನು ನೀವು ಬರೋ ಹಾಗಿಲ್ಲ."

ಗುರುಸಿದ್ದಮ್ಮ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಚೀಲ ಹೆಗಲಿಗೇರಿಸಿ ಹೊರಟರು.

ಮುಗಿಯಿತು ಎಂದುಕೊಂಡು ಹಿಂದೆಯೇ ಬಂದೆ. ಬಸ್ಸು ಆಗಲೇ ಹೊರಟಿತ್ತು. ಕುರ್ಚಿಯಿಂದ ಏಳಲಾಗದ ಹೆಂಗಸು ನೆರಿಗೆ ಎತ್ತಿ ಹಿಡಿದು, ಇಪ್ಪತ್ತು ಮಾರು ಓಡಿ, ಫುಟ್‌ಬೋರ್ಡಿಗೆ ಹಾರಿದರು.

"ರೈಟ್ರೇ, ಬರ್ತೀರೋ ಇಲ್ವೋ!"

ಓಡಿದೆ. ಅವರು ನನ್ನ ರಟ್ಟೆ ಹಿಡಿದು ಎಳೆದ ರಭಸಕ್ಕೆ ಎಪ್ಪತ್ತೆಂಟು ಕೇಜಿಯ ನಾನು ಸೀದಾ ಸೀಟಿನಲ್ಲಿ ಬಿದ್ದೆ.

"ಅಲ್ಲಾ, ಕುರ್ಚಿಯಿಂದ ಏಳೋಕೇ ಆಗ್ಲಿಲ್ವಲ್ಲ ನಿಮ್ಗೆ?"

"ಸುಮ್ನಿರಿ. ಎದ್ದಿದ್ರೆ ಇವತ್ತಿಗೇ ಮುಗ್ದೋಗ್ತಿತ್ತು." ಕಿಟಕಿಯ ಕಡೆ ತಿರುಗಿದರು. ಕಿವಿ ಹಣ್ಣಾದ ಕಾಫಿಯಷ್ಟು ಕೆಂಪಗಿತ್ತು. "ಹೋದ ವಾರ ಗೊಬ್ಬರದ ಮೂಟೆ ನಾನೇ ಹೊತ್ತೆ."

ನನ್ನ ಎದೆ ಬಸ್ಸಿನ ಗೇರಿಗಿಂತ ಜೋರಾಗಿ ಸದ್ದು ಮಾಡಿತು. "ಮುಂದಿನ ಹನ್ನೆರಡು ಸಲ ಒಬ್ರೇ ಹೋಗ್ತೀರಾ?"

"ನಂಗೇನ್ ತಲೆ ಕೆಟ್ಟಿದ್ಯಾ? ನಾಳೆ ಹತ್ತು ಗಂಟೆಗೆ ನೀವೇ ಮನೆಗೆ ಬನ್ನಿ. ಮುಂಬಾಗಿಲಿಂದ, ಊರೆಲ್ಲ ನೋಡ್ಲಿ. ನಮ್ಮಣ್ಣನ್ನೂ ಕರೆಸಿರ್ತೀನಿ."

"ಬಂದು ಏನಂತ ಕೇಳ್ಲಿ?"

"ನೀವೇನೂ ಕೇಳ್ಬೇಡಿ, ಬಾಯ್ಬಿಟ್ರೆ ಕತೆ ಕಟ್ತೀರ. ನಾನು ಕೇಳ್ತೀನಿ. ನೀವು ಹೂಂ ಅನ್ನಿ, ಅಷ್ಟೆ."

ಕಂಡಕ್ಟರ್ ಬಂದು ನನ್ನ ಭುಜ ತಟ್ಟಿದ. "ಎಲ್ಲಿಗೆ ಸಾರ್?"

"ಹೂಂ," ಎಂದೆ.