ಬಲಗೈ ಬೇಡಿದ ಹತ್ತರಿ

“ಮುಟ್ಟಬೇಡ ಅಂದ್ರೆ ಬಿಡೋಳಲ್ಲ ನೀನು, ಅದು ನಂಗೊತ್ತು,” ಎಂದರು ಮಾವ. “ಹೋಗ್ಲಿ, ಮುಟ್ಟು. ಆದ್ರೆ ಆ ಹತ್ತರಿ ಅಲಗನ್ನ ಮಾತ್ರ ಮೈಗೆ ತಾಗಿಸಬೇಡಮ್ಮ.”

ಎಡಚಿ ಕಿಸಕ್ಕನೆ ನಕ್ಕಳು. ಎಲ್ಲವನ್ನೂ ಎಡಗೈಯಲ್ಲೇ ಮಾಡುವವಳಿಗೆ ತವರಿನಲ್ಲಿ ಅಂಟಿದ ಹೆಸರು ಅದು. ಮದುವೆಯಾಗಿ ಬಂದ ಮನೆಗೂ ಆ ಹೆಸರು ಅವಳಿಗಿಂತ ಮೊದಲೇ ಬಂದು ಕೂತಿತ್ತು. ಎಡಗೈ ಕಟ್ಟಿಹಾಕಿ ಬಲಗೈಯಲ್ಲಿ ಬರೆಸಲು ಹೋದ ಮೇಷ್ಟ್ರು ಸೋತು ಕೈಚೆಲ್ಲಿದ್ದರು. ಹೆಣ್ಣಿಗೇಕೆ ಉಳಿ, ಸುತ್ತಿಗೆ ಎಂದ ನೆಂಟರೂ ಹೇಳಿ ಹೇಳಿ ಸುಸ್ತಾಗಿದ್ದರು. ಅಪ್ಪನ ಪಕ್ಕ ನಿಂತು ಮರಗೆಲಸ ಕಲಿತು, ಮರಗೆಲಸದವರ ಮನೆಗೇ ಸೊಸೆಯಾಗಿ ಬಂದವಳು. ಗುಮ್ಮ ಬಂತು ಗುಮ್ಮ ಎಂದರೆ ಹೆದರುವ ಪೈಕಿಯಲ್ಲ.

“ಹತ್ತರಿಗೂ ದೆವ್ವ ಹಿಡಿಯುತ್ತಾ ಮಾವ? ಮರ ಹೆರೆಯೋ ಸಾಮಾನು ಅದು.”

ಮಾವ ಉದ್ದ ತೋಳಿನ ಅಂಗಿಯೊಳಗಿದ್ದ ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ಬಾಗಿಲಾಚೆ ನೋಡುತ್ತ ಕೂತರು. ಆ ಕೈಗೆ ಲಕ್ವ ಹೊಡೆದಿದೆ ಎಂದೇ ಮನೆಮಂದಿಯೆಲ್ಲ ತಿಳಿದಿದ್ದರು.

ಗಂಡ ಬೆಳಗಾದರೆ ಊರೆಲ್ಲ ತಿರುಗಿ ಬಾಗಿಲು, ಕಿಟಕಿ ಕೂರಿಸಲು ಹೋಗುತ್ತಿದ್ದ. ತಗಡಿನ ಮಾಡಿನ ಆ ಕೆಲಸದ ಮನೆ ಹಗಲೆಲ್ಲ ಎಡಚಿಯದೇ. ಬೆಂಚಿನ ಮೇಲೆ ಊಟದ ಮೇಜಿನ ಹಲಗೆಯೊಂದು ಅವಳನ್ನು ಅಣಕಿಸುತ್ತ ಬಿದ್ದಿತ್ತು. ಎಳೆ ಎತ್ತೆತ್ತಲೋ ತಿರುಗಿದ ಗಂಟುಮರ ಅದು. ಯಾವ ಹತ್ತರಿ ಹೊಡೆದರೂ ಸಿಬಿರು ಏಳುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗೆ ಸಾಮಾನಿನ ಮೇಲೆ ತಪ್ಪು ಹೊರಿಸುವ ಜಾಯಮಾನ ಅವಳದಲ್ಲ. ಆದರೂ ಒಂದೊಂದನ್ನೇ ಇಳಿಸಿ ನೋಡಿದಳು. ಹತ್ತರಿ ಆರಿಸುವಾಗ ಮೊದಲು ತಳ ನೋಡಬೇಕು, ಆಮೇಲೆ ಬಾಯಿ, ಅಂದರೆ ತಳದಲ್ಲಿ ಅಲಗು ಇಣುಕುವ ಸೀಳು. ಒಂದರ ತಳ ತಿರುಚಿಕೊಂಡಿತ್ತು. ಇನ್ನೊಂದರ ಬಾಯಿ ಸವೆದು ಅಗಲವಾಗಿತ್ತು. ಕಬ್ಬಿಣದ್ದೂ ಸಿಬಿರನ್ನೇ ಎಬ್ಬಿಸಿತು. ಉಳಿದದ್ದು ಮೂಲೆಯ ಮೊಳೆಗೆ ಬಟ್ಟೆ ಸುತ್ತಿ ನೇತುಹಾಕಿದ್ದ, ಮಾವ ಎಚ್ಚರಿಸಿದ್ದ ಆ ಮರದ ಹತ್ತರಿಯೊಂದೇ.

ಬಟ್ಟೆ ಬಿಚ್ಚಿದವಳು ಹುಬ್ಬೇರಿಸಿದಳು. ತಳದ ಮೇಲೆ ಅಳತೆಪಟ್ಟಿ ಇಟ್ಟು ಕಿಟಕಿಗೆ ಹಿಡಿದರೆ ಎಲ್ಲೂ ಬೆಳಕು ನುಸುಳಲಿಲ್ಲ. ಬಾಯಿ ಉಗುರೂ ತೂರದಷ್ಟು ಕಿರಿದು. ಒಂದೇ ಒಂದು ಕೊರತೆ ಎಂದರೆ, ಪಕ್ಕಕ್ಕೆ ಯಾರೋ ತೂತು ಕೊರೆದು ಬೆಣೆ ಜಡಿದು ಮುಚ್ಚಿದ್ದರು. ಅದರ ಸುತ್ತ ಮೂಗಿಟ್ಟರೆ ಒದ್ದೆ ಬೂದಿಯ ವಾಸನೆ ಬರುತ್ತಿತ್ತು.

ಅಲಗನ್ನು ಕಳಚಿ ತುಕ್ಕು ಉಜ್ಜಿದಳು. ಸಾಣೆಕಲ್ಲಿಗೆ ಎಣ್ಣೆ ಹನಿಸಿ ಮಸೆಯತೊಡಗಿದಳು. ಸರ್ ಸರ್ ಎಂಬ ಸದ್ದು ತಗಡಿನ ಮಾಡಿಗೆ ತಾಗಿ ಹಿಂದಿರುಗುತ್ತಿತ್ತು. ಅವಳು ಕೈ ನಿಲ್ಲಿಸಿದ ಮೇಲೂ ಒಂದು ಗಳಿಗೆ ಅದು ನಡೆದೇ ಇತ್ತು. ಮಾಡಿನ ಕಿತಾಪತಿ ಎಂದುಕೊಂಡಳು.

ಹರಿತ ನೋಡಲು ಮರಗೆಲಸದವರದೊಂದು ಚಾಳಿ ಉಂಟು. ಮುಂಗೈ ಮೇಲಿನ ಕೂದಲನ್ನು ಅಲಗಿನಿಂದ ಹೆರೆಯುತ್ತಾರೆ. ಸಲೀಸಾಗಿ ಬಂದರೆ ಅಲಗು ತಯಾರು ಎಂದು ಲೆಕ್ಕ. ಬಲಗೈಯಲ್ಲಿ ಅಲಗು ಹಿಡಿಯುವವರು ಎಡಗೈ ಹೆರೆದುಕೊಳ್ಳುತ್ತಾರೆ. ಎಡಚಿ ಎಡಗೈಯಲ್ಲಿ ಹಿಡಿದು ಬಲಗೈ ಚಾಚಿದಳು. ಮಾವನ ಮಾತು ನೆನಪಿರಲಿಲ್ಲ ಅಂತೇನಲ್ಲ. ನೆನಪಿತ್ತು, ಅದಕ್ಕೇ ಬೇಕೆಂದೇ ಹೆರೆದಳು. ತಣ್ಣಗೆ ಏನೋ ಮೂಳೆಯವರೆಗೂ ಇಳಿಯಿತು.

“ನೋಡಿ ಮಾವ, ಏನಾಯ್ತು ಈಗ?”

ಮಾವನ ಮುಖದಲ್ಲಿ ರಕ್ತವಿರಲಿಲ್ಲ. “ಬಲಗೈನಾ?” ಎಂದರು. “ಬಲಗೈ ಕೊಟ್ಬಿಟ್ಯಾ?”

ಆಮೇಲೆ, ಅಷ್ಟು ವರ್ಷ ಯಾರಿಗೂ ಹೇಳದ್ದನ್ನು ತಲೆ ತಗ್ಗಿಸಿಕೊಂಡು ಹೇಳಿದರು. ಹತ್ತರಿ ಅವರ ಅಣ್ಣನದು. ಅಣ್ಣ ತಮ್ಮ ಸೇರಿ ದಿಮ್ಮಿ ಎತ್ತುವಾಗ ತಮ್ಮನ ಕೈ ಜಾರಿತು, ಅಣ್ಣನ ಬಲಗೈ ಜಜ್ಜಿಹೋಯಿತು. ಮತ್ತೆ ಅವನು ಉಳಿ ಹಿಡಿಯಲಿಲ್ಲ. ಮಾಟಗಾರನೊಬ್ಬನನ್ನು ಹುಡುಕಿಕೊಂಡು ಹೋಗಿ ಬಂದ. ಕತ್ತರಿಸಿ ತೆಗೆದ ತನ್ನ ಬೆರಳುಗಳನ್ನು ಸುಟ್ಟ ಬೂದಿಯನ್ನು ಹತ್ತರಿಗೆ ತುಂಬಿ ಬೆಣೆ ಜಡಿದ. ‘ಈ ಮನೆಯಿಂದಲೇ ನಂಗೊಂದು ಬಲಗೈ ಬರಬೇಕು’ ಎಂದ. ಬಾಯಿಗೆ ಅನ್ನ ಹಾಕದೆ ಸತ್ತ.

“ನಾನೂ ನಿನ್ ಹಾಗೇ ನಗಾಡಿ ಹೆರೆದುಕೊಂಡೆ,” ಎಂದು ಮಾವ ಅಂಗಿಯ ತೋಳು ಸರಿಸಿದರು. ಮೊಣಕೈಯಿಂದ ಕೆಳಗೆ ಚರ್ಮ ಕಂದುಬಣ್ಣವಾಗಿ ಒಣಗಿ, ಉದ್ದುದ್ದ ಎಳೆ ಎಳೆಯಾಗಿತ್ತು. ಉಗುರಿನಿಂದ ತಟ್ಟಿದರು, ಟಕ್ ಎಂದಿತು. “ಎಡಗೈ ಅವನಿಗೆ ಬೇಕಿರಲಿಲ್ಲ. ಬೇಡದ್ದನ್ನ ಮರ ಮಾಡಿ ಬಿಸಾಕ್ದ. ಹತ್ತರೀನ ಸುಡೋಕೆ ಹೋದೆ, ಬೆಂಕಿ ತಾಗಿದ್ದು ಅದಕ್ಕೆ, ಬೆಂದು ಗುಳ್ಳೆ ಎದ್ದದ್ದು ನನ್ ಕೈ. ಬಟ್ಟೆ ಸುತ್ತಿ ನೇತುಹಾಕ್ದೆ.”

“ಕಿಚ್ಚಿಗೆ ಹೆದರಿ ಕೂತ್ರಾ ಇಷ್ಟು ವರ್ಷ?” ಎಂದಳು ಎಡಚಿ. ಬಾಯಿ ಜೋರಾಗಿತ್ತು, ಆದರೆ ಅಲಗನ್ನು ಹತ್ತರಿಗೆ ಕೂರಿಸಿ ಮತ್ತೆ ಮೂಲೆಯ ಮೊಳೆಗೇ ನೇತುಹಾಕಿದಳು.

ಹೆರೆದ ಕಡೆ ಕೂದಲು ಮತ್ತೆ ಬರಲಿಲ್ಲ. ಊಟಕ್ಕೆ ಕೂತರೆ ಬಲಗೈ ತಟ್ಟೆಯ ಪಕ್ಕದಲ್ಲಿ ತನ್ನ ಪಾಡಿಗೆ ತಾನು ಹಿಂದೆ ಮುಂದೆ ಉಜ್ಜತೊಡಗಿತು. “ರಾತ್ರಿಯೆಲ್ಲ ನನ್ ಬೆನ್ನು ಸವರ್ತಿದ್ಯಲ್ಲ, ಏನ್ ಪ್ರೀತಿ ಉಕ್ಕಿತು?” ಎಂದು ಗಂಡ ಬೆಳಗ್ಗೆ ಛೇಡಿಸಿದ. ಅದು ಪ್ರೀತಿಯಲ್ಲ. ಹಲಗೆಯ ಉಬ್ಬುತಗ್ಗು ನೋಡುವವರು ಹಾಗೆ ಸವರುತ್ತಾರೆ. ಅವಳ ಜೀವ ಅವಳ ಕೈಯಲ್ಲಿತ್ತು, ಆ ಕೈಯನ್ನು ಒಳಗಿನಿಂದ ಯಾರೋ ಬಳಸಿ ನೋಡುತ್ತಿದ್ದರು.

ಮೋಡ ಕವಿದು ಮಧ್ಯಾಹ್ನವೇ ಕತ್ತಲಾಗಿದ್ದ ಒಂದು ದಿನ ಅದು ಎದ್ದಿತು. ಅವಳು ಅಂಟು ಕಲಸುತ್ತಿದ್ದಳು. ಬಲಗೈ ಮೂಲೆಗೆ ಚಾಚಿತು. ಅವಳನ್ನೂ ದರದರ ಎಳೆಯಿತು. ಹತ್ತರಿ ಹಿಡಿಯಿತು. ಗಂಟುಮರದ ಹಲಗೆಯ ಮೇಲೆ ಹೊಡೆಯತೊಡಗಿತು. ಈರುಳ್ಳಿ ಸಿಪ್ಪೆಯಂಥ ಸುರುಳಿಗಳು ಒಂದರ ಮೇಲೊಂದು ಬಿದ್ದವು. ಎಂಥ ಕೆಲಸ ಅದು! ಅವಳು ಹೊಟ್ಟೆಕಿಚ್ಚುಪಡುವಷ್ಟು ಚೆಂದದ ಕೆಲಸ. ಹಲಗೆ ತೆಳುವಾಯಿತು. ಇನ್ನೂ ತೆಳುವಾಯಿತು. ತೂತು ಬಿತ್ತು. ಕೈ ನಿಲ್ಲಲಿಲ್ಲ. ಬೆಂಚನ್ನು ಹೆರೆಯಿತು. ಒದ್ದೆ ಬೂದಿಯ ನಾತ ಗಂಟಲಿಗೆ ಇಳಿಯಿತು. ಹತ್ತರಿ ಮೇಲೆದ್ದಿತು. ತಿರುಗಿತು. ಬೆಂಚಿಗೆ ಆನಿಸಿದ್ದ ಅವಳ ಎಡಗೈಯ ಕಡೆ ಬಂತು.

ಸತ್ತವನಿಗೆ ಒಂದೇ ಕೈ ಸಾಕಾಗಿತ್ತು. ಎದುರಾಡುವ ಇನ್ನೊಂದು ಬೇಡವಾಗಿತ್ತು.

ಎಡಚಿ ಎಡಗೈ ಎಳೆದುಕೊಳ್ಳಲಿಲ್ಲ. ಮುಂದೆ ಚಾಚಿ ಆಸೆ ತೋರಿಸಿದಳು. ಹತ್ತರಿ ಅದರ ಹಿಂದೆಯೇ ಬಂತು. ಬೆಂಚಿನ ತುದಿಯಲ್ಲಿ ಮರವನ್ನು ಕಚ್ಚಿ ಹಿಡಿಯುವ ವೈಸ್ ತೆರೆದಿತ್ತು. ಅದರ ದವಡೆಗಳ ನಡುವೆ ಬರುವವರೆಗೂ ಕಾದಳು. ಮೊಣಕಾಲಿನಿಂದ ಗುದ್ದಿ ಹತ್ತರಿಯನ್ನು ಬುಡಮೇಲಾಗಿ ಒಳಗೆ ತುರುಕಿದಳು. ಎಡಗೈಯಲ್ಲಿ ತಿರುಪು ತಿರುಗಿಸಿದಳು. ತಿರುಗಿಸಿದಳು. ಬಲಗೈಯ ಬೆರಳುಗಳು ಒಂದೊಂದಾಗಿ ಹತ್ತರಿಯ ಹಿಡಿತ ಬಿಟ್ಟವು.

“ಮಾವ, ಬನ್ನಿ ಇಲ್ಲಿ. ಕಬ್ಬಿಣದ ಹತ್ತರಿ ತನ್ನಿ.”

ಮಾವ ಕಬ್ಬಿಣದ ಹತ್ತರಿ ಹಿಡಿದು ಬಾಗಿಲಲ್ಲಿ ನಿಂತರು. “ಏನ್ಮಾಡ್ತೀಯಮ್ಮ?”

“ಇದರ ತಳ ಹೆರೀತೀನಿ. ಪೂರ್ತಿ, ಏನೂ ಉಳಿಯದ ಹಾಗೆ.”

“ಅದನ್ನ ಹೆರೆದ್ರೆ ನಿನ್ ಕೈ ಹೆರೆದ ಹಾಗೆ.”

“ಗೊತ್ತು. ಆ ಕೈನ ಬೆಂಚಿನ ಕಾಲಿಗೆ ಕಟ್ಟಿ. ನನ್ ಎಡಗೈ, ನಿಮ್ ಬಲಗೈ. ಇಬ್ರೂ ಸೇರಿದ್ರೆ ಒಂದಾಳು ಆಗ್ತೀವಿ.”

ಮಾವ ಹಗ್ಗ ತಂದು ಕಟ್ಟಿದರು. ಅವಳು ಸುತ್ತಿಗೆಯಿಂದ ತಟ್ಟಿ ಮರದ ಹತ್ತರಿಯ ಅಲಗನ್ನು ಹೊರಹಾಕಿದಳು. ಕಬ್ಬಿಣದ ಹತ್ತರಿಯ ಮುಂಭಾಗ ಅವರು ಹಿಡಿದರು, ಹಿಂಭಾಗ ಅವಳು. ಮೊದಲ ಎಳೆ ಸುರುಳಿಯಾಗಿ ಬಂತು. ಅವಳ ಬಲ ಮುಂಗೈಯಿಂದಲೂ ಒಂದು ಎಳೆ ಸುಲಿದು ನೆಲಕ್ಕೆ ಬಿತ್ತು. ಎಡಚಿ ಕೂಗಿದಳು, ಕೂಗುತ್ತಲೇ ತಳ್ಳಿದಳು. ಎರಡನೆಯದು. ಮತ್ತೊಂದು. ತಳ ಸವೆದಷ್ಟೂ ಹತ್ತರಿಯ ಬಾಯಿ ಅಗಲವಾಗುತ್ತ ಹೋಗುತ್ತದೆ. ಮರದ ಹತ್ತರಿಯ ಗುಣವೇ ಅದು. ಉಗುರು ತೂರದ ಬಾಯಿಗೆ ಈಗ ಬೆರಳು ತೂರುತ್ತಿತ್ತು. ಅದರೊಳಗಿಂದ ಉಸಿರಾಡುವ ಸದ್ದು. ಆಮೇಲೆ ಮಾತು.

“ತಮ್ಮಾ... ಕೈ ಕೊಡೋ.”

ಮಾವನ ಬಲಗೈ ನಿಂತುಹೋಯಿತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. “ಅಣ್ಣ,” ಎಂದರು. “ನಾನು ಬೇಕೂಂತ ಬಿಡ್ಲಿಲ್ಲ ಕಣೋ. ಜಾರಿತು.” ಹತ್ತರಿಯ ಹಿಡಿ ಬಿಟ್ಟು ಆ ಬಾಯಿಯ ಕಡೆ ಕೈ ಚಾಚಿದರು.

“ಮಾವ, ಕೊಡಬೇಡಿ.” ಎಡಚಿಯ ದನಿ ಒಡೆದಿತ್ತು, ಆದರೆ ಬಾಗಿರಲಿಲ್ಲ. “ಅವರ ಕೈ ಹೋಯ್ತು, ನಂಗೂ ಸಂಕಟ ಆಗುತ್ತೆ. ಆದ್ರೆ ಇದು ನನ್ ಕೈ. ಬೇಕಿದ್ರೆ ಎದುರಿಗೆ ಬಂದು ನನ್ನನ್ನ ಕೇಳಬೇಕಿತ್ತು. ಕದಿಯೋರಿಗೆ ಕೊಡಲ್ಲ. ತಳ್ಳಿ.”

ಮಾವ ಚಾಚಿದ ಕೈಯನ್ನು ಹಿಂತೆಗೆದರು. ಮತ್ತೆ ಹಿಡಿ ಹಿಡಿದರು. ತಳ್ಳಿದರು. ಬೆಂಚಿನ ಕೆಳಗೆ ಕಟ್ಟಿದ ಕೈ ನೆಲ ಗೀರುತ್ತಿತ್ತು. ತಳ್ಳಿದರು. ರಕ್ತದ ವಾಸನೆ. ಬೂದಿಯ ವಾಸನೆ. ತಳ್ಳಿದರು. ಬಾಯಿ ಹರಿಯಿತು. ಪಟ್ ಎಂದು ಹತ್ತರಿ ಎರಡಾಯಿತು. ಬೆಣೆ ಉರುಳಿತು, ಒಂದು ಹಿಡಿ ಬೂದಿ ನೆಲಕ್ಕೆ ಸುರಿಯಿತು. ಉಸಿರಾಟ ನಿಂತಿತು. ತಗಡಿನ ಮಾಡಿನ ಮೇಲೆ ಮಳೆ ಶುರುವಾದದ್ದು ಆಗ ಅವರಿಗೆ ಕೇಳಿಸಿತು.

ಗಾಯ ಮಾಯಲು ಬಹಳ ಕಾಲ ಹಿಡಿಯಿತು. ಯಾವ ಯಂತ್ರಕ್ಕೆ ಸಿಕ್ಕಿತು ಎಂದು ಡಾಕ್ಟರು ಕೇಳಿದ್ದೇ ಕೇಳಿದ್ದು. ಎಡಚಿ ಹತ್ತರಿ ಎಂದಷ್ಟೇ ಹೇಳಿದಳು, ಅವರು ನಂಬಲಿಲ್ಲ. ಹೊಸ ಚರ್ಮವೇನೋ ಬಂತು. ಅದರ ಕೆಳಗಿನ ಕೈ ಮಾತ್ರ ಬರಲಿಲ್ಲ. ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ, ಒಂದು ಬೆರಳೂ ಬಾಗುವುದಿಲ್ಲ. ಮೊದಮೊದಲು ಗೋಡೆಗೆ ಮುಖ ಮಾಡಿ ಅತ್ತಳು. ಆಮೇಲೊಂದು ದಿನ ಎದ್ದು ಬಂದು ಗಂಟುಮರದ ಇನ್ನೊಂದು ಹಲಗೆಯನ್ನು ಬೆಂಚಿಗೆ ಎಳೆದಳು.

“ಒಂದೇ ಕೈಯಲ್ಲಿ ಹೆಂಗಮ್ಮ? ಈ ಅಗಲದ ಹಲಗೆ ವೈಸಿಗೂ ಹಿಡಿಯಲ್ಲ, ಜಾರಲ್ವಾ?” ಎಂದರು ಮಾವ.

ಎಡಚಿ ಸತ್ತ ಬಲಗೈಯನ್ನು ಎಡಗೈಯಿಂದ ಎತ್ತಿ ಹಲಗೆಯ ಮೇಲೆ ಅಡ್ಡ ಹಾಕಿದಳು. ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಹಲಗೆ ಅಲುಗಾಡಲಿಲ್ಲ. ಹತ್ತರಿ ಹಿಡಿದು ತಳ್ಳಿದಳು.